ಮನೆ ಕಟ್ಟಿದ ಮೇಸ್ತ್ರಿಯ ಹೆಸರು ಎಲ್ಲಿ?

ನಮ್ಮ ನಲ್ಲೂರು, ಚನ್ನಗಿರಿ ಕಡೆ ಅಡಿಕೆಗೆ ಒಳ್ಳೆ ರೇಟು ಸಿಕ್ಕರೆ ಹೊಸ ಮನೆಗಳು ಏಳುತ್ತವೆ. ಬಾಗಿಲ ಮೇಲೆ ಅಮ್ಮನ ಹೆಸರೋ ಮನೆದೇವರ ಹೆಸರೋ ಇರುತ್ತದೆ. ಕಲ್ಲು ಕೂರಿಸಿದವರ, ಗಾರೆ ಮಾಡಿದವರ, ಟೈಲ್ಸ್ ಹಾಕಿದವರ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ. ಅವರಲ್ಲಿ ಎಷ್ಟೋ ಜನ ಬೇರೆ ಜಿಲ್ಲೆ, ಬೇರೆ ರಾಜ್ಯದಿಂದ ದುಡಿಯಲು ಬಂದವರು. ಅವರ ಹೆಸರೂ ಗೋಡೆ ಮೇಲೆ ಇರಬೇಕು ಎನ್ನುತ್ತೇವೆ ನಾವು.

ಹಾಗೆ ದುಡಿಯಲು ಹೋದ ಒಬ್ಬರ ಕತೆ ಕೇಳಿ. ಹೆಸರು ಸೈಮನ್ ರೋಡಿಯಾ. ಇಟಲಿಯಲ್ಲಿ ಹುಟ್ಟಿ ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಹೋದವರು, ಕಟ್ಟಡ ಕೆಲಸ ಮಾಡಿಕೊಂಡಿದ್ದವರು. 1921ರಲ್ಲಿ ಲಾಸ್ ಏಂಜಲೀಸ್‌ನ ವಾಟ್ಸ್ ಎಂಬಲ್ಲಿ ಸಣ್ಣ ಜಾಗ ಕೊಂಡರು. ಕೂಲಿ ಮುಗಿಸಿ ಬಂದು ತಮ್ಮ ಮನೆ ಸುತ್ತ ಕಟ್ಟತೊಡಗಿದರು. ಸಾಮಾನು ಏನು? ಕಬ್ಬಿಣದ ಸರಳು, ಸಿಮೆಂಟು, ಒಡೆದ ಬಾಟಲಿ, ಪಿಂಗಾಣಿ ಚೂರು, ಕಪ್ಪೆಚಿಪ್ಪು. ಸರಳು ಬಗ್ಗಿಸಲು ಪಕ್ಕದ ರೈಲು ಹಳಿ. ವೆಲ್ಡಿಂಗ್ ಇಲ್ಲ, ಸಹಾಯಕ್ಕೆ ಆಳಿಲ್ಲ. ಹೀಗೆ 33 ವರ್ಷ. ಎತ್ತರದ ಗೋಪುರ ಸುಮಾರು 100 ಅಡಿ! ಅದಕ್ಕೆ ಅವರಿಟ್ಟ ಸ್ಪ್ಯಾನಿಷ್ ಹೆಸರಿನ ಅರ್ಥ ‘ನಮ್ಮೂರು’. ಹಸಿ ಸಿಮೆಂಟಿನಲ್ಲಿ ತಮ್ಮ ಸುತ್ತಿಗೆ, ಹತ್ಯಾರುಗಳ ಅಚ್ಚೊತ್ತಿ, ಹೆಸರಿನ ಮೊದಲ ಅಕ್ಷರಗಳನ್ನೂ ಬರೆದರು.

ವಯಸ್ಸಾದ ಮೇಲೆ ಜಾಗವನ್ನು ಪಕ್ಕದ ಮನೆಯವರಿಗೆ ಬಿಟ್ಟುಕೊಟ್ಟು ಹೊರಟರು. ಆಮೇಲೆ ನಗರದ ಅಧಿಕಾರಿಗಳು, ಇದು ಅಪಾಯ, ಕೆಡವಿ ಎಂದರು. ಉಳಿಸಬೇಕೆಂದವರು ಹಟ ಹಿಡಿದರು. 1959ರಲ್ಲಿ ಸುಮಾರು 4,500 ಕಿಲೋ ಬಲ ಹಾಕಿ ಗೋಪುರ ಎಳೆದು ನೋಡಿದರು. ಎಳೆಯುವ ಯಂತ್ರವೇ ಸೋತಿತು, ಗೋಪುರ ನಿಂತಿತು. 1990ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಸ್ಮಾರಕವಾಯಿತು.

ಹೆಸರು ಬರೆಯುವುದು ಪರದೇಶದ ಪದ್ಧತಿಯೇನಲ್ಲ. ನಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಿಂದ 12ನೇ ಶತಮಾನದಲ್ಲಿ ಬೇಲೂರಿಗೆ ಹೋದ ದಾಸೋಜ, ಅವರ ಮಗ ಚಾವಣ ತಾವು ಕೆತ್ತಿದ ಶಿಲ್ಪಗಳ ಕೆಳಗೆ ಹೆಸರು ಕೊರೆದಿದ್ದಾರೆ. ಅದಕ್ಕೇ 900 ವರ್ಷದ ನಂತರವೂ ಅವರು ನಮಗೆ ಗೊತ್ತು. ನಮ್ಮ ಸಂತೆಬೆನ್ನೂರಿನ ಪುಷ್ಕರಣಿ ಎಂದರೆ ಹನುಮಂತಪ್ಪ ನಾಯಕರು ಎನ್ನುತ್ತೇವೆ. ಅಲ್ಲಿ ಕಲ್ಲು ಹೊತ್ತವರು, ಕಡಿದವರು ಯಾರ ಬಾಯಲ್ಲೂ ಇಲ್ಲ.

‘ಕೂಲಿ ಕೊಟ್ಟಿದ್ದೀವಲ್ಲ, ಹೆಸರು ಬೇರೆ ಯಾಕೆ?’ ಎನ್ನಬಹುದು. ಕೂಲಿ ಅವತ್ತಿನ ಊಟಕ್ಕಾಯಿತು. ಹೆಸರಿದ್ದರೆ ಕೆಲಸಕ್ಕೆ ಜವಾಬ್ದಾರಿ ಬರುತ್ತದೆ, ಒಳ್ಳೆ ಕೈಗೆ ಮುಂದಿನ ಕೆಲಸವೂ ಸಿಗುತ್ತದೆ.

ಇನ್ನೊಂದು ಮಾತು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಪಡೆಯಲು ವರ್ಷದಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು. ಕೆಲಸ ಮಾಡಿಸಿದವರೇ ಸಹಿ ಹಾಕಲು ಹಿಂದೆಮುಂದೆ ನೋಡಿದರೆ ಹೊರಗಿನಿಂದ ಬಂದವರು ಯಾರನ್ನು ಕೇಳಬೇಕು?

ಗೃಹಪ್ರವೇಶಕ್ಕೆ ಮೇಸ್ತ್ರಿಗೆ ಎಲೆ ಅಡಿಕೆ, ಬಟ್ಟೆ ಕೊಡುತ್ತೀರಿ, ಸಂತೋಷ. ಜೊತೆಗೆ ಆ ಕಾಗದಕ್ಕೊಂದು ಸಹಿ ಹಾಕಿ. ಬಾಗಿಲ ಪಕ್ಕ ಅಂಗೈ ಅಗಲದ ಕಲ್ಲಿನಲ್ಲಿ ಮೇಸ್ತ್ರಿಯ ಹೆಸರು, ಊರು, ಇಸವಿ ಬರೆಸಿ.