ಮಾತು ಅಡಗಿತು, ಮದ್ದಳೆ ಮೊಳಗಿತು



ಕಂಪ್ಯೂಟರಿನಲ್ಲಿ ಕನ್ನಡ ಚಲನಚಿತ್ರವನ್ನು ಹಾಕಿದರೆ ಹಾಡು ಕಿವಿಗಡಚಿಕ್ಕುತ್ತದೆ, ಹೊಡೆದಾಟದ ಸದ್ದಿಗೆ ಕಿಟಕಿ ಅದುರುತ್ತದೆ, ಪಾತ್ರಗಳ ಮಾತು ಮಾತ್ರ ಬಾವಿಯೊಳಗಿಂದ ಬಂದಂತಿರುತ್ತದೆ ಎಂಬ ದೂರನ್ನು ನಮ್ಮ ಆಲಸನತ್ತಂ, ಹೊಸೂರು ಕಡೆಯ ಮನೆಗಳಲ್ಲಿ ನಾವು ಪದೇ ಪದೇ ಕೇಳುತ್ತಿದ್ದೇವೆ. ಧ್ವನಿಯನ್ನು ಏರಿಸಿದರೆ ಮಾತು ತುಸು ಕೇಳಿಸೀತು. ಮರುಗಳಿಗೆ ಹಾಡು ಬಂದೊಡನೆ ತೊಟ್ಟಿಲ ಕೂಸು ಬೆಚ್ಚಿಬೀಳುವುದು.

ಇದು ಬರಿಯ ಮನರಂಜನೆಯ ಕೊರತೆಯೆಂದು ನಾವು ಎಣಿಸುವುದಿಲ್ಲ. 2006ರ ತಮಿಳು ಕಲಿಕೆ ಕಾಯಿದೆಯು ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು. ನಮ್ಮ ಮಕ್ಕಳು ತಮಿಳನ್ನು ಸೊಗಸಾಗಿ ಕಲಿಯಲಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಶುದ್ಧ ಕನ್ನಡದ ಉಚ್ಚಾರಣೆ ಅವರ ಕಿವಿಗೆ ಬೀಳುವ ಕೆಲವೇ ಎಡೆಗಳಲ್ಲಿ ಈ ಪೆಟ್ಟಿಗೆಯೂ ಒಂದು. ಹಾಡಿನ ಅಬ್ಬರ ಉಳಿದು ಮಾತು ಹೋದರೆ ಮಗು ಕಲಿಯುವುದಾದರೂ ಏನನ್ನು?

ಹಿಂದೆ ರೇಡಿಯೋಗೆ ಇದ್ದುದು ಒಂದೇ ಸ್ಪೀಕರು. ಬೆಂಗಳೂರು ಆಕಾಶವಾಣಿಯ ವಾರ್ತೆಯೂ ವಾದ್ಯವೂ ಅದೊಂದರಿಂದಲೇ ಹೊರಡುತ್ತಿದ್ದವು; ಮಾತು ಕಳೆದುಹೋಗಲು ಬೇರೆ ದಾರಿಯೇ ಇರಲಿಲ್ಲ. ಈಗಿನ ಚಿತ್ರಗಳ ಧ್ವನಿ ಹಾಗಲ್ಲ. 1992ರಲ್ಲಿ 'ಬ್ಯಾಟ್‌ಮನ್ ರಿಟರ್ನ್ಸ್' ಎಂಬ ಅಮೆರಿಕದ ಚಿತ್ರದೊಂದಿಗೆ ಡಾಲ್ಬಿ ಡಿಜಿಟಲ್ ಚಿತ್ರಮಂದಿರಕ್ಕೆ ಬಂದ ಮೇಲೆ 5.1 ಎಂಬ ಏರ್ಪಾಡು ಬಳಕೆಗೆ ಹರಡಿತು. ಮುಂದೆ ಎಡ, ಬಲ, ನಡು, ಹಿಂದೆ ಎರಡು, ಇವಲ್ಲದೆ ತಗ್ಗಿನ ನಾದಕ್ಕೆ ಒಂದು ವೂಫರ್. ಪ್ರೇಕ್ಷಕನು ಎಲ್ಲಿ ಕುಳಿತರೂ ಮಾತು ಪರದೆಯಿಂದಲೇ ಬಂದಂತೆ ತೋರಬೇಕೆಂದು ಸಂಭಾಷಣೆಯ ಬಹುಭಾಗವನ್ನು ನಡುವಣ ಸ್ಪೀಕರಿಗೆ ಕೊಡುತ್ತಾರೆ. ಬಯಲಾಟದಲ್ಲಿ ಹಿಮ್ಮೇಳ ಒಂದೆಡೆ, ಅರ್ಥ ಹೇಳುವವರು ಒಂದೆಡೆ ನಿಂತಂತೆ.

ಮನೆಯಲ್ಲಿ ಇರುವುದು ಎರಡೇ ಸ್ಪೀಕರು. ಕಂಪ್ಯೂಟರು ಮಾತ್ರ ಆರು ಇವೆಯೆಂದು ನಂಬಿಕೊಂಡಿದೆ. ಆಗ ನಡುವಣ ಪಾಲಿನ ಮಾತನ್ನು ತಂತಿಯೇ ಇಲ್ಲದ ರಂಧ್ರಕ್ಕೆ ಕಳುಹಿಸಿ ಅದು ನಿಶ್ಚಿಂತವಾಗಿರುತ್ತದೆ. ನಮಗೆ ಕೇಳಿಸುವುದು ಉಳಿದ ಪಾಲಿನ ಪ್ರತಿಧ್ವನಿಯಷ್ಟೆ. ವಿಂಡೋಸ್ ಇರುವ ಕಂಪ್ಯೂಟರಿನ ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಸೌಂಡ್' ತೆರೆದು, 'ಪ್ಲೇಬ್ಯಾಕ್' ಪುಟದಲ್ಲಿ ಸ್ಪೀಕರನ್ನು ಆರಿಸಿ 'ಕಾನ್ಫಿಗರ್' ಒತ್ತಿರಿ. ಎರಡು ಸ್ಪೀಕರಿದ್ದರೆ 'ಸ್ಟೀರಿಯೋ' ಎಂದು ಗುರುತಿಸಿರಿ. ಬಹುಪಾಲು ಮನೆಗಳ ರೋಗ ಇಷ್ಟಕ್ಕೇ ಗುಣವಾಗುತ್ತದೆ.

ನಿಜವಾಗಿಯೂ ಆರು ಸ್ಪೀಕರು ಇರುವವರು ಅಲ್ಲಿಯೇ 'ಟೆಸ್ಟ್' ಒತ್ತಿ ಒಂದೊಂದನ್ನೂ ಆಲಿಸಬೇಕು. ಡಬ್ಬದ ಹಿಂಬದಿಯಲ್ಲಿ ಸಾಮಾನ್ಯವಾಗಿ ಹಸಿರು ರಂಧ್ರ ಮುಂದಿನವಕ್ಕೆ, ಕಪ್ಪು ಹಿಂದಿನವಕ್ಕೆ, ಕಿತ್ತಳೆ ನಡುವಣದಕ್ಕೂ ವೂಫರಿಗೂ ಮೀಸಲು. ಮೂರೇ ರಂಧ್ರಗಳಿರುವ ಯಂತ್ರದಲ್ಲಿ ನೀಲಿ ಮತ್ತು ಗುಲಾಬಿ ರಂಧ್ರಗಳೇ ಈ ಕೆಲಸಕ್ಕೆ ಒದಗಬೇಕಾಗುವುದು. ಸೌಂಡ್ ಕಾರ್ಡಿನ ತಂತ್ರಾಂಶದಲ್ಲಿ ಅದನ್ನು ಗೊತ್ತುಪಡಿಸದೆ ಬರಿದೆ ತಂತಿ ಚುಚ್ಚಿದರೆ ಸಾಲದು. ಕೆಲವು ಸೆಟ್ಟುಗಳಲ್ಲಿ ನಡುವಣದೂ ವೂಫರೂ ಅದಲುಬದಲಾಗಿ, ನಾಯಕನ ಮಾತೆಲ್ಲ ಗುಡಾಣದೊಳಗೆ ಗೊಣಗಿದಂತೆ ಕೇಳುವುದುಂಟು. ಅದನ್ನು ಸರಿಪಡಿಸುವ ಗುರುತೂ ಹಲವು ತಂತ್ರಾಂಶಗಳಲ್ಲಿರುತ್ತದೆ.

ಮೊಮ್ಮಕ್ಕಳೊಂದಿಗೆ ವಿಡಿಯೋ ಕರೆ ಬಂದಾಗ ಉಳಿದ ಸದ್ದೆಲ್ಲ ತಾನಾಗಿ ಕುಗ್ಗುವುದು ದೋಷವಲ್ಲ. ಕರೆ ಬಂದರೆ ಇತರ ಧ್ವನಿಯನ್ನು ಶೇಕಡಾ 80ರಷ್ಟು ಇಳಿಸುವ ಏರ್ಪಾಡು ವಿಂಡೋಸಿನಲ್ಲಿ ಮೊದಲೇ ಇದೆ. ಬೇಡವಾದರೆ 'ಕಮ್ಯುನಿಕೇಷನ್ಸ್' ಪುಟದಲ್ಲಿ 'ಡು ನಥಿಂಗ್' ಎಂದು ಗುರುತಿಸಬಹುದು.

ಇನ್ನೊಂದು ಮಾತು. ಚಿತ್ರದ ಪ್ರತಿಯೇ ಎರಡು ಪಾಲಿನದಾಗಿದ್ದರೆ ಮೇಲಿನ ಉಪಾಯ ಫಲಿಸದು. ಸ್ಪೀಕರಿನ 'ಎನ್‌ಹ್ಯಾನ್ಸ್‌ಮೆಂಟ್ಸ್'ನಲ್ಲಿ 'ಲೌಡ್‌ನೆಸ್ ಈಕ್ವಲೈಸೇಷನ್' ಎಂಬುದು ಇದ್ದರೆ ಅದನ್ನು ಹಾಕಿರಿ. ಮೆಲುದನಿ ಏರಿ, ಅಬ್ಬರ ತಗ್ಗುವುದು. ಕಿವಿ ಮಂದವಾದ ಅಜ್ಜಿಗೂ ಗೋಡೆಯಾಚೆಯ ನೆರೆಯವರಿಗೂ ಏಕಕಾಲಕ್ಕೆ ಉಪಕಾರ. ಸಂಗೀತ ಕಚೇರಿಯನ್ನು ಕೇಳುವಾಗ ಮಾತ್ರ ತೆಗೆದುಬಿಡಿ. ಆಲಾಪನೆಯ ಏರಿಳಿತವನ್ನೇ ಅದು ಮಟ್ಟಸ ಮಾಡಿಬಿಡುತ್ತದೆ.

ಹೊಸೂರಿನ ಅಂಗಡಿಗೆ ಹೋಗಿ ಹೊಸ ಸೆಟ್ಟು ಕೊಳ್ಳುವ ಮುನ್ನ ಕಿತ್ತಳೆ ತಂತಿಯನ್ನು ಕಿತ್ತು ಹಸಿರು ರಂಧ್ರಕ್ಕೆ ಹಾಕಿ ಒಂದು ಹಾಡನ್ನು ನುಡಿಸಿ ನೋಡಿರಿ. ನಡುವಣ ಸ್ಪೀಕರು ಉಲಿದರೆ ಅದೂ ಅದರ ತಂತಿಯೂ ಆರೋಗ್ಯವಾಗಿವೆ, ಹುಡುಕಬೇಕಾದುದು ಕಂಪ್ಯೂಟರಿನ ಕಡೆ. ಆಗಲೂ ಮೂಕವಾಗಿದ್ದರೆ ಅದೊಂದನ್ನು ಮಾತ್ರ ರಿಪೇರಿಗೆ ಒಯ್ಯಿರಿ.