ತೊಗಲು ತುಂಬಿದ ನಿಷ್ಠೆ

ಸತ್ತ ನಾಯಿಯ ತೊಗಲನ್ನು ಸುಲಿದು, ಹದಮಾಡಿ, ಒಳಗೊಂದು ಬೊಂಬೆಯನ್ನಿಟ್ಟು ಹೊಲಿದು, ಗಾಜಿನ ಕಣ್ಣುಗಳನ್ನು ಕೂರಿಸಿ, ಬದುಕಿದ್ದಾಗ ಅದು ಕಾವಲಿಗೆ ಮಲಗುತ್ತಿದ್ದ ಜಗಲಿಯ ಮೇಲೆಯೇ ಅದನ್ನು ಮತ್ತೆ ನಿಲ್ಲಿಸುವುದು ಪ್ರೀತಿಯ ಕೆಲಸವೆಂದು ಈಚಿನ ದಿನಗಳಲ್ಲಿ ಕೆಲವರು ನಂಬತೊಡಗಿದ್ದಾರೆ. ಮೊಬೈಲಿನಲ್ಲಿ ಅಂಥ ಚಿತ್ರಗಳು ಹರಿದಾಡುತ್ತವೆ. ನೋಡಿದವರು ಕಣ್ಣೊರೆಸಿಕೊಳ್ಳುತ್ತಾರೆ. ‘ನಮ್ಮ ನಾಯಿಗೂ ಹೀಗೆ ಮಾಡಿಸಬಹುದಲ್ಲ’ ಎಂಬ ಆಸೆ ಮೊಳೆಯುತ್ತದೆ. ಈ ಆಸೆಯನ್ನು ನಾನು ವಿರೋಧಿಸುತ್ತೇನೆ. ಅದು ದುಃಖದಿಂದ ಹುಟ್ಟಿದ್ದೆಂಬುದನ್ನು ಅರಿತೇ ವಿರೋಧಿಸುತ್ತೇನೆ.

ಆ ದುಃಖವನ್ನು ಹಗುರವಾಗಿ ಕಾಣುವ ಮಾತಿಲ್ಲ. ಗೊರೂರಿನ ಸುತ್ತಿನ ನಮ್ಮ ಊರುಗಳಲ್ಲಿ ನಾಯಿ ಅಲಂಕಾರದ ಪ್ರಾಣಿಯಲ್ಲ. ರಾಗಿಯ ಕಣ ಕಾಯುವುದು ಅದು. ಆಲೂಗೆಡ್ಡೆ ಹೊಲಕ್ಕೆ ನುಗ್ಗುವ ಕಾಡುಹಂದಿಯನ್ನು ಅಟ್ಟುವುದು ಅದು. ಕುರಿಮಂದೆಯ ಹಿಂದೆ ಬಿಸಿಲಲ್ಲಿ ನಡೆಯುವುದು, ರಾತ್ರಿ ತೋಟದಿಂದ ತಡವಾಗಿ ಬರುವ ಯಜಮಾನನ ಹೆಜ್ಜೆಯ ಸದ್ದನ್ನು ಅರ್ಧ ಮೈಲಿ ದೂರದಿಂದಲೇ ಗುರುತಿಸುವುದು ಅದು. ಹತ್ತು ಹನ್ನೆರಡು ವರ್ಷ ಹೀಗೆ ದುಡಿದ ಜೀವ ಒಂದು ಬೆಳಗ್ಗೆ ಏಳದೇ ಹೋದರೆ ಮನೆಯವರು ಅಳುವುದು ಸಹಜ. ಅದನ್ನು ಕಂಡು ನಗುವವರೇ ಅಲ್ಪರು. ನನ್ನ ತಕರಾರು ಕಣ್ಣೀರಿನ ಮೇಲಲ್ಲ, ಆ ಕಣ್ಣೀರಿಗೆ ನಾವು ಹುಡುಕಿಕೊಳ್ಳುವ ಮದ್ದಿನ ಮೇಲೆ.

ಟ್ಯಾಕ್ಸಿಡರ್ಮಿ ಎಂಬ ಈ ವಿದ್ಯೆಗೆ ಕನ್ನಡದಲ್ಲಿ ಚರ್ಮಪ್ರಸಾಧನ ಎನ್ನುತ್ತಾರೆ. ಹೆಸರು ಚೆಲುವಾಗಿದೆ. ಕೆಲಸವನ್ನು ಬಿಡಿಸಿ ನೋಡೋಣ. ಪ್ರಾಣಿಯಿಂದ ಉಳಿಸಿಕೊಳ್ಳುವುದು ಮುಖ್ಯವಾಗಿ ತೊಗಲನ್ನು ಮಾತ್ರ. ಮಾಂಸ, ಕರುಳು, ಹೃದಯ ಎಲ್ಲವೂ ಹೊರಗೆ ಹೋಗುತ್ತವೆ. ಒಳಗಿನ ದೇಹ ಹಿಂದೆ ಕಾಗದದ ರಚ್ಚಿನದು, ಈಗ ಹೆಚ್ಚಾಗಿ ಫೋಮಿನದು. ಕಣ್ಣು ಗಾಜು, ನಾಲಿಗೆ ಕೃತಕ, ಒಣಗಿದ ಮೂಗಿಗೆ ಬಣ್ಣ. ಮನೆಯ ಮಗುವಿನ ಅಂಗೈಯನ್ನು ನೆಕ್ಕಿದ ನಾಲಿಗೆಯಾಗಲಿ, ಕಳ್ಳನ ವಾಸನೆ ಹಿಡಿದ ಮೂಗಾಗಲಿ, ಹೆಜ್ಜೆಯ ಸದ್ದು ಕೇಳಿದ ಕಿವಿಯೊಳಗಣ ಸೂಕ್ಷ್ಮವಾಗಲಿ ಅಲ್ಲಿ ಇಲ್ಲ. ನಾವು ಪ್ರೀತಿಸಿದ್ದನ್ನೆಲ್ಲ ಎಸೆದು, ಹೊದಿಕೆಯನ್ನು ಮಾತ್ರ ಮನೆಗೆ ತಂದಂತಾಯಿತು.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಿಂದ ಮೈಸೂರಿನಲ್ಲಿ ವ್ಯಾನ್ ಇಂಗೆನ್ ಮನೆತನದವರು ಇದನ್ನು ಜಗತ್ತೇ ಮೆಚ್ಚುವಂತೆ ನಡೆಸಿದರು. ಮಹಾರಾಜರೂ ಬ್ರಿಟಿಷ್ ಅಧಿಕಾರಿಗಳೂ ಬೇಟೆಯಾಡಿ ಕೊಂದ ಹುಲಿ, ಚಿರತೆಗಳು ಸಾವಿರಾರು ಸಂಖ್ಯೆಯಲ್ಲಿ ಆ ಕಾರ್ಖಾನೆಗೆ ಬಂದು, ಹಲ್ಲು ಕಿರಿದು ಗರ್ಜಿಸುವ ಮುಖಗಳಾಗಿ ಅರಮನೆಗಳ ಗೋಡೆಗೇರಿದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಕೆಲಸ ಇಳಿಮುಖವಾಯಿತು; 1999ರಲ್ಲಿ ಬಾಗಿಲು ಮುಚ್ಚಿತು; ಮನೆತನದ ಹಿರಿಯ ಕಸುಬುದಾರ ಜೂಬರ್ಟ್ ವ್ಯಾನ್ ಇಂಗೆನ್ ನೂರು ವರ್ಷ ಬಾಳಿ 2013ರಲ್ಲಿ ತೀರಿಕೊಂಡರು. ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಹುಲಿಗಳು ಗೋಡೆಯ ಮೇಲೆ ಏಕಿದ್ದವು? ಕೊಂದವನ ಪ್ರತಾಪವನ್ನು ಸಾರಲು. ಕೊಂದ ಹುಲಿಗೆ ಕೊಟ್ಟ ಸ್ಥಾನವನ್ನೇ ನಮ್ಮನ್ನು ಕಾದ ನಾಯಿಗೆ ಕೊಡುವುದು ಯಾವ ಬಗೆಯ ಕೃತಜ್ಞತೆ?

‘ಹಾಗಲ್ಲ, ಅದರ ರೂಪವಾದರೂ ಉಳಿಯುತ್ತದಲ್ಲ’ ಎನ್ನುವವರಿದ್ದಾರೆ. ಅವರು ಬ್ಯಾರಿಯ ಕಥೆಯನ್ನು ಕೇಳಬೇಕು. ಸ್ವಿಟ್ಜರ್ಲೆಂಡಿನ ಹಿಮದ ಕಣಿವೆಯಲ್ಲಿ, ಸಂತ ಬರ್ನಾರ್ಡರ ಹೆಸರಿನ ಧರ್ಮಛತ್ರದಲ್ಲಿ, ಅಗಸ್ಟೀನ್ ಸಭೆಯ ಗುರುಗಳು ಸಾಕಿದ ನಾಯಿ ಅದು. ಹಿಮದಲ್ಲಿ ಸಿಲುಕಿದ ನಲವತ್ತಕ್ಕೂ ಹೆಚ್ಚು ದಾರಿಹೋಕರನ್ನು ಉಳಿಸಿತೆಂದು ಪ್ರತೀತಿ. ಮುಪ್ಪಿನಲ್ಲಿ ಅದನ್ನು ಬೆರ್ನ್ ನಗರಕ್ಕೆ ಕಳುಹಿಸಿದರು. 1814ರಲ್ಲಿ ಅಲ್ಲಿಯೇ ಸತ್ತಿತು. ತೊಗಲು ತುಂಬಿ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಇರಿಸಿದರು. ಶತಮಾನ ಕಳೆಯುವಷ್ಟರಲ್ಲಿ ತೊಗಲು ಬಿರಿದು ಚೂರಾಗಿತ್ತು. 1923ರಲ್ಲಿ ಹೊಸದಾಗಿ ಕಟ್ಟುವಾಗ ಏನು ಮಾಡಿದರು ಗೊತ್ತೇ? ಬ್ಯಾರಿಯ ತಲೆ ಚಪ್ಪಟೆಯಾಗಿತ್ತು. ಆ ಕಾಲದ ಜನ ಮೆಚ್ಚುತ್ತಿದ್ದ ಸೇಂಟ್ ಬರ್ನಾರ್ಡ್ ತಳಿಯ ತಲೆ ದೊಡ್ಡದು. ಆದ್ದರಿಂದ ಬ್ಯಾರಿಯ ತಲೆಯನ್ನೇ ದೊಡ್ಡದಾಗಿ ತಿದ್ದಿದರು, ತಗ್ಗಿದ್ದ ಕತ್ತನ್ನು ಎತ್ತಿ ನಿಲ್ಲಿಸಿದರು, ಕೊರಳಿಗೆ ದಂತಕಥೆಯ ಪೀಪಾಯಿಯನ್ನೂ ಕಟ್ಟಿದರು. ಅಲಾಸ್ಕಾದ ನೋಮ್ ಊರಿಗೆ 1925ರಲ್ಲಿ ಗಂಟಲಮಾರಿಯ ಔಷಧ ಮುಟ್ಟಿಸಿದ ಹಿಮಬಂಡಿಯ ನಾಯಿ ಬಾಲ್ಟೋ ಕಪ್ಪು ಬಣ್ಣದ್ದು. ಅಮೆರಿಕದ ಕ್ಲೀವ್‌ಲೆಂಡಿನ ಸಂಗ್ರಹಾಲಯದಲ್ಲಿ ಅದರ ಕೂದಲು ಬೆಳಕಿಗೆ ಬಾಡಿ ಕಂದಾಗಿದೆ. ನುರಿತ ಕೈಗಳೂ ಹೇರಳ ಹಣವೂ ಇರುವ ಸಂಸ್ಥೆಗಳಲ್ಲೇ ಹೀಗಾದರೆ, ನಮ್ಮ ಮಳೆಗಾಲದ ತೇವದಲ್ಲಿ, ಜಿರಳೆ ನುಸಿಗಳ ನಡುವೆ, ನಮ್ಮ ಪಡಸಾಲೆಯಲ್ಲಿ ಎಷ್ಟು ವರ್ಷ ಯಾವ ರೂಪ ಉಳಿದೀತು? ಬೂಸ್ಟು ಹಿಡಿದು ಹೊಲಿಗೆ ಬಿಚ್ಚಿದ ದಿನ ಮೊಮ್ಮಕ್ಕಳು ಅದನ್ನು ಎಲ್ಲಿ ಎಸೆಯುತ್ತಾರೆಂಬುದನ್ನು ಊಹಿಸಿಕೊಳ್ಳಿ. (ವಿದ್ಯಾರ್ಥಿಗಳ ಅಧ್ಯಯನಕ್ಕಾಗಿ ಸಂಗ್ರಹಾಲಯಗಳು ಪ್ರಾಣಿಗಳನ್ನು ಕಾಪಿಡುವುದು ಬೇರೆ ಮಾತು. ಅಲ್ಲಿ ಉದ್ದೇಶ ತಿಳಿವಳಿಕೆ. ಅದಕ್ಕೆ ನನ್ನ ಆಕ್ಷೇಪವಿಲ್ಲ.)

ಇಷ್ಟಕ್ಕೂ ದುಡಿದ ನಾಯಿಯನ್ನು ಗೌರವಿಸುವುದು ಹೇಗೆಂದು ಕಲಿಯಲು ನಾವು ಹೊರದೇಶಕ್ಕೆ ಹೋಗಬೇಕಾಗಿಯೇ ಇಲ್ಲ. ಸಾವಿರ ವರ್ಷಗಳಿಗೂ ಹಿಂದೆ ಈ ನೆಲದ ಜನ ಅದನ್ನು ಮಾಡಿ ತೋರಿಸಿದ್ದಾರೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ನೆನೆಯಿರಿ. ಕ್ರಿ.ಶ. 949–50ರ ಕಾಲ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ‘ಬೇಕಾದುದನ್ನು ಕೇಳು’ ಎಂದು ಗಂಗರ ಅರಸ ಬೂತುಗ ಹೇಳಿದಾಗ ಅವನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ; ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ಹೆಗ್ಗಾಡುಹಂದಿಯ ಮೇಲೆ ಬಿದ್ದು ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರ ಅದರ ತೊಗಲನ್ನು ಸುಲಿಸಲಿಲ್ಲ. ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿದ; ನಾಯಿ ಹಂದಿಗಳ ಕಾದಾಟವನ್ನು ಅದರಲ್ಲಿ ಕೆತ್ತಿಸಿದ; ಕೆರೆಯ ಕೆಳಗಿನ ಭೂಮಿಯನ್ನು ದತ್ತಿ ಬಿಟ್ಟ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುವುದೆಂಬ ಕಟ್ಟಳೆಯನ್ನೂ ಬರೆಸಿದ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಕ್ಕಳನ್ನು ಕರೆದೊಯ್ದು ತೋರಿಸತಕ್ಕದ್ದು.

ಕಲ್ಲಿಗೆ ಪೂಜೆ ಮಾಡಿರೆಂದು ನಾನು ಹೇಳುತ್ತಿಲ್ಲ. ನಾನು ಹೇಳುವುದು ಲೆಕ್ಕದ ಮಾತು. ಆತಕೂರಿನಲ್ಲಿ ಸ್ಮರಣೆಯ ವೆಚ್ಚವನ್ನು ಹೊತ್ತವರು ಬದುಕಿದ್ದವರು: ಭೂಮಿ ಅವರದು, ನಿತ್ಯದ ಕರ್ತವ್ಯ ಅವರದು. ತೊಗಲು ತುಂಬಿಸುವಲ್ಲಿ ಕೊಡುವುದು ಸತ್ತ ಪ್ರಾಣಿ, ಪಡೆಯುವವರು ನಾವು. ಜೀವಮಾನವೆಲ್ಲ ನಮಗಾಗಿ ಕಾವಲಿದ್ದದ್ದು ಸತ್ತ ಮೇಲೂ ನಮ್ಮ ಸಮಾಧಾನಕ್ಕಾಗಿ ಕಾವಲು ನಿಲ್ಲಬೇಕು! ನಮ್ಮ ಜಿಲ್ಲೆಯಲ್ಲೇ, ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯದಲ್ಲಿ, 2023ರ ಡಿಸೆಂಬರ್ 4ರಂದು ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರೆಯ ಅಂಬಾರಿ ಹೊತ್ತ ಅರ್ಜುನ ಮಡಿದಾಗ ಜನ ಕೇಳಿದ್ದು ಸಮಾಧಿಗೆ ಗೌರವವನ್ನು, ಸ್ಮಾರಕವನ್ನು. ಮಣ್ಣಿಗೆ ಸೇರಿದ ಜೀವಕ್ಕೆ ಅದು ತಕ್ಕ ಬೇಡಿಕೆ.

ನಮ್ಮ ಓದುಗರಲ್ಲಿ ಯಾರಾದರೂ ಇನ್ನೊಂದು ಪ್ರಶ್ನೆ ಎತ್ತಬಹುದು: ಹಳೆಯ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಶರೀರವನ್ನು ಧರ್ಮಸಭೆ ಕಾಪಾಡಿಕೊಂಡು ಬಂದಿಲ್ಲವೇ? 2024ರ ನವೆಂಬರಿನಿಂದ 2025ರ ಜನವರಿಯವರೆಗೆ ನಡೆದ ದರ್ಶನಕ್ಕೆ ನಾವೇ ಹೋಗಿ ಬರಲಿಲ್ಲವೇ? ಬಂದೆವು. ಅಲ್ಲಿ ಕಂಡದ್ದೇನು? ಮಲಗಿರುವ, ಒಣಗಿದ, ಸತ್ತಿರುವ ಒಂದು ಶರೀರ. ಅದಕ್ಕೆ ಯಾರೂ ಗಾಜಿನ ಕಣ್ಣು ಇಟ್ಟಿಲ್ಲ. ಪ್ರಬೋಧನೆ ಮಾಡುವ ಭಂಗಿಯಲ್ಲಿ ಎಬ್ಬಿಸಿ ನಿಲ್ಲಿಸಿಲ್ಲ. ಸಾವನ್ನು ಸಾವೆಂದೇ ಒಪ್ಪಿಕೊಂಡು, ಪುನರುತ್ಥಾನವನ್ನು ದೇವರಿಗೆ ಬಿಟ್ಟು ಕಾಯುವ ಗೌರವ ಅದು. ಜಗಲಿಯ ಮೇಲೆ ಬಾಲವೆತ್ತಿ ನಿಂತ ತೊಗಲು ‘ನಾನು ಸತ್ತಿಲ್ಲ’ ಎಂದು ಸುಳ್ಳಾಡುತ್ತದೆ. ಪ್ರತಿವರ್ಷ ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ನಾವು ಆ ಸುಳ್ಳಿನ ಪಕ್ಕದಲ್ಲಿ ಕುಳಿತು ಜಪಸರ ಹೇಳುವುದಾದರೂ ಹೇಗೆ?

ಹೊದಿಕೆಗೂ ಜೀವಕ್ಕೂ ಇರುವ ಅಂತರವನ್ನು ಗೊರೂರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಹೇಮಾವತಿಗೆ ಅಣೆಕಟ್ಟು ಬಂದಾಗ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯ ಹಿನ್ನೀರಿನ ಪಾಲಾಯಿತು. ಫ್ರೆಂಚ್ ಗುರುಗಳು 1860ರ ದಶಕದಲ್ಲಿ ಕಟ್ಟಿಸಿದ ಆ ಗೋಡೆಗಳು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಎದ್ದು ನಿಲ್ಲುತ್ತವೆ. ದೂರದೂರಿನವರು ಬಂದು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಚೆಲುವೇ ಸರಿ. ಆದರೆ ಅದರೊಳಗೆ ಜ್ಞಾನಸ್ನಾನ ಪಡೆದ ಕುಟುಂಬಗಳು ಧರ್ಮಕೇಂದ್ರವನ್ನು ಆ ಗೋಡೆಗಳಲ್ಲಿ ಬಿಟ್ಟು ಬರಲಿಲ್ಲ. ಹಬ್ಬವನ್ನು, ಪ್ರಾರ್ಥನೆಯನ್ನು, ಅಜ್ಜಿ ಕಲಿಸಿದ ಹಾಡನ್ನು ಹೊತ್ತುಕೊಂಡು ಹೊಸ ಊರುಗಳಿಗೆ ನಡೆದರು. ಖಾಲಿ ಗೋಡೆಗೆ ಬಣ್ಣ ಬಳಿದು ದೇವಾಲಯವೆಂದು ಅವರು ಯಾರನ್ನೂ ನಂಬಿಸಲಿಲ್ಲ.

ಈಗ ಕಹಿಯಾದ ಮಾತು. ಸತ್ತ ನಾಯಿಯನ್ನು ಕಾಪಿಡುವ ಬಗೆಯನ್ನು ವಿಚಾರಿಸುವ ನಾವು ಮುದಿನಾಯಿಯನ್ನು ಹೇಗೆ ನೋಡಿಕೊಳ್ಳುತ್ತಿದ್ದೇವೆ? ಹಲ್ಲು ಸವೆದು ಕಿವಿ ಮಂದವಾದ ಕಾವಲುನಾಯಿಯನ್ನು ಸರಪಳಿ ಬಿಚ್ಚಿ ಸಂತೆಯ ದಾರಿಯಲ್ಲಿ ಬಿಟ್ಟು ಬರುವವರು ನಮ್ಮ ನಡುವೆ ಇಲ್ಲವೇ? ಹುಚ್ಚುನಾಯಿ ರೋಗ ತಲೆದೋರಿದ ಮೇಲೆ ಬದುಕಿಸುವ ಮದ್ದಿಲ್ಲ. ಅದನ್ನು ತಡೆಯುವ ಲಸಿಕೆ ಪಶು ಆಸ್ಪತ್ರೆಯಲ್ಲಿದೆ. ಆದರೂ ವರ್ಷಕ್ಕೊಮ್ಮೆ ನಾಯಿಯನ್ನು ಅಲ್ಲಿಗೆ ಕರೆದೊಯ್ಯಲು ನಮಗೆ ಬಿಡುವಿಲ್ಲ. ಸತ್ತದ್ದನ್ನು ಗೋಣಿಚೀಲದಲ್ಲಿ ಕಟ್ಟಿ ನಾಲೆಗೆ ಎಸೆಯುವವರೂ ಇದ್ದಾರೆ. ನಾಲೆಗೆ ಎಸೆಯುವವನೂ ತೊಗಲು ತುಂಬಿಸುವವನೂ ಎದುರುಬದುರು ನಿಂತವರಂತೆ ಕಾಣುತ್ತಾರೆ. ಇಬ್ಬರೂ ತಪ್ಪಿಸಿಕೊಳ್ಳುತ್ತಿರುವುದು ಒಂದೇ ಕೆಲಸದಿಂದ, ಗುಂಡಿ ತೋಡುವ ಕೆಲಸದಿಂದ.

ಆದ್ದರಿಂದ, ತೊಗಲಿಗೆ ಸುರಿಯಬೇಕೆಂದಿರುವ ಹಣವಿದ್ದರೆ ನಾಯಿ ಬದುಕಿರುವಾಗಲೇ ಅದರ ಲಸಿಕೆಗೆ, ಮುಪ್ಪಿನ ಮೆತ್ತನೆಯ ಅನ್ನಕ್ಕೆ, ಚಳಿಗೊಂದು ಹಳೆಯ ಕಂಬಳಿಗೆ ಕೊಡಿ. ಸತ್ತ ದಿನ ನಿಮ್ಮದೇ ಹೊಲದ ಬದುವಿನಲ್ಲಿ, ಬಾವಿಯಿಂದ ದೂರದಲ್ಲಿ, ನಾಲ್ಕಡಿ ಆಳ ತೋಡಿ. ನರಿ ಕೆದಕದಂತೆ ಮೇಲೆ ಮುಳ್ಳು ಹೊದಿಸಿ ಕಲ್ಲು ಹೇರಿ. ಬೇಕಿದ್ದರೆ ಒಂದು ಹೊಂಗೆ ನೆಡಿ. ಮಕ್ಕಳನ್ನು ಮಾತ್ರ ಆ ಹೊತ್ತಿನಲ್ಲಿ ನೆಂಟರ ಮನೆಗೆ ಕಳುಹಿಸಬೇಡಿ. ಅವರು ಅಳಲಿ, ಹೆಸರು ಹಿಡಿದು ಕರೆಯಲಿ. ಮೊದಲ ಹಿಡಿ ಮಣ್ಣನ್ನು ಅವರೇ ಹಾಕಲಿ.