ದುಡ್ಡೂ ಕೊಟ್ಟು, ಜುಟ್ಟೂ ಕೊಟ್ಟರು

ವಲಸೆಯ ಮಾತು ಬಂದಾಗಲೆಲ್ಲ ಯುರೋಪಿನ ನಾಯಕರ ಬಾಯಲ್ಲಿ 'ಪಾಲುದಾರಿಕೆ', 'ಸಹಕಾರ', 'ನೆರವು' ಅನ್ನೋ ಪದಗಳು ಧಾರಾಳವಾಗಿ ಬರುತ್ತವೆ. ಕೇಳೋಕೆ ಚೆಂದ. ಆದರೆ ಇಷ್ಟು ವರ್ಷಗಳ ಲೆಕ್ಕ ತೆಗೆದು ನೋಡಿದರೆ ನನಗೆ ಕಾಣೋದು ಒಂದೇ ಒಪ್ಪಂದ: "ನಮ್ಮ ಬಾಗಿಲಿಗೆ ಯಾರೂ ಬಾರದ ಹಾಗೆ ನೀವು ನೋಡಿಕೊಳ್ಳಿ, ದುಡ್ಡು ನಾವು ಕೊಡ್ತೀವಿ." ಇದು ನೆರವಲ್ಲ ಸ್ವಾಮಿ, ಕಾವಲಿನ ಗುತ್ತಿಗೆ.

2016ರ ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟ ಟರ್ಕಿಯ ಜೊತೆ ಇಂಥದೊಂದು ಒಪ್ಪಂದ ಮಾಡಿಕೊಂಡಿತು. ಸಮುದ್ರ ದಾಟಿ ಗ್ರೀಸಿನ ದ್ವೀಪಗಳಿಗೆ ಬಂದವರನ್ನು ಟರ್ಕಿ ವಾಪಸ್ ಕರೆದುಕೊಳ್ಳಬೇಕು, ಹೊಸಬರು ಹೊರಡದ ಹಾಗೆ ತಡೆಯಬೇಕು. ಒಕ್ಕೂಟ ಒಟ್ಟು 600 ಕೋಟಿ ಯೂರೋ ಕೊಡಬೇಕು. ಆ ಹಣದಲ್ಲಿ ಬಹುಪಾಲು ಟರ್ಕಿಯಲ್ಲಿದ್ದ ಸಿರಿಯನ್ನರ ಶಾಲೆ, ಆಸ್ಪತ್ರೆ, ಮನೆಖರ್ಚಿಗೇ ಹೋಯಿತು ಅನ್ನೋದನ್ನು ನಾನು ಒಪ್ಪುತ್ತೇನೆ. ಅದು ಒಳ್ಳೆಯ ಕೆಲಸವೇ. ತಕರಾರು ಇರೋದು ಅದಕ್ಕೆ ಹಾಕಿದ ಷರತ್ತಿನ ಬಗ್ಗೆ. ಹಸಿದವನಿಗೆ ಅನ್ನ ಹಾಕೋದು ಬೇರೆ, ಅವನು ಎದ್ದು ಬೀದಿಗೆ ಬಾರದಿರಲಿ ಅಂತ ಪಕ್ಕದ ಮನೆಯವನಿಗೆ ಅನ್ನದ ಖರ್ಚು ಕೊಡೋದು ಬೇರೆ.

ಆ ಷರತ್ತಿನಿಂದ ಆಗಿದ್ದೇನು? ಕೊಟ್ಟವರ ಜುಟ್ಟು ಇಸಕೊಂಡವರ ಕೈಗೆ ಸಿಕ್ಕಿತು. 2020ರ ಫೆಬ್ರವರಿ ಕೊನೆಯಲ್ಲಿ ಅಧ್ಯಕ್ಷ ಎರ್ಡೋಗನ್ "ಗಡಿ ತೆರೆದಿದ್ದೇವೆ" ಅಂದರು. ಸಾವಿರಾರು ಜನ ಗ್ರೀಸಿನ ಗಡಿಗೆ ಬಂದು ನಿಂತರು. ಆ ಕಡೆಯಿಂದ ಅಶ್ರುವಾಯು, ಈ ಕಡೆಯಿಂದ ತಳ್ಳಾಟ. ಮರುವರ್ಷವೇ ಒಕ್ಕೂಟ ಇನ್ನೂ 300 ಕೋಟಿ ಯೂರೋ ಕೊಡಲು ಮುಂದಾಯಿತು. 2021ರ ಮೇ ತಿಂಗಳಲ್ಲಿ ಸ್ಪೇನಿನ ಮೇಲೆ ಸಿಟ್ಟಾದ ಮೊರಾಕ್ಕೊ ಗಡಿಕಾವಲನ್ನು ಒಂಚೂರು ಸಡಿಲ ಬಿಟ್ಟಿತಷ್ಟೇ, ಎರಡೇ ದಿನದಲ್ಲಿ ಸುಮಾರು 8,000 ಜನ ಸೇಉಟಾ ಪಟ್ಟಣದೊಳಕ್ಕೆ ಬಂದರು. ಈ ವ್ಯಾಪಾರದ ಮರ್ಮ ಲಿಬಿಯಾದ ಗಡಾಫಿಗೆ ಮೊದಲೇ ಗೊತ್ತಿತ್ತು. ಆತ 2010ರಲ್ಲೇ ರೋಮ್‌ಗೆ ಬಂದು, ವಲಸಿಗರನ್ನು ತಡೆಯಬೇಕಾದರೆ ವರ್ಷಕ್ಕೆ 500 ಕೋಟಿ ಯೂರೋ ಕೊಡಿ ಅಂತ ಕೇಳಿದ್ದ. ಮನುಷ್ಯರನ್ನು ತಡೆದಿಡೋದಕ್ಕೆ ಬೆಲೆ ಕಟ್ಟಿದ ಮೇಲೆ, ಬಿಟ್ಟುಬಿಡ್ತೀನಿ ಅನ್ನೋ ಬೆದರಿಕೆಗೂ ಬೆಲೆ ಬಂದೇ ಬರುತ್ತದೆ.

ಇನ್ನು ಲಿಬಿಯಾ. 2009ರಲ್ಲಿ ಇಟಲಿಯ ಹಡಗುಗಳು ಸಮುದ್ರದಲ್ಲಿ ಸಿಕ್ಕ ಸೊಮಾಲಿಯಾ, ಎರಿಟ್ರಿಯಾದ ಜನರನ್ನು ಹಿಡಿದು ಲಿಬಿಯಾಕ್ಕೆ ಬಿಟ್ಟುಬಂದವು. ಇದು ತಪ್ಪು ಅಂತ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2012ರಲ್ಲಿ ತೀರ್ಪು ಕೊಟ್ಟಿತು. ಸರಿ, ನಾವು ಹಿಡಿದರೆ ತಾನೇ ತಪ್ಪು? 2017ರಲ್ಲಿ ಇಟಲಿ ಲಿಬಿಯಾದೊಂದಿಗೆ ಒಪ್ಪಂದ ಮಾಡಿಕೊಂಡಿತು. ಅಲ್ಲಿನ ಕರಾವಳಿ ಪಡೆಗೆ ದೋಣಿ, ತರಬೇತಿ, ಹಣ ಕೊಟ್ಟು ಅದೇ ಕೆಲಸವನ್ನು ಅವರ ಕೈಯಲ್ಲಿ ಮಾಡಿಸಲಾಯಿತು. ಒಕ್ಕೂಟವೂ ಕೈ ಜೋಡಿಸಿತು. ಹಿಡಿದು ತಂದವರನ್ನು ಹಾಕಿದ ಬಂದೀಖಾನೆಗಳಲ್ಲಿ ಚಿತ್ರಹಿಂಸೆ, ಅತ್ಯಾಚಾರ, ಗುಲಾಮಗಿರಿ ನಡೆದಿವೆ ಅಂತ ವಿಶ್ವಸಂಸ್ಥೆಯ ಸತ್ಯಶೋಧನಾ ತಂಡ 2023ರಲ್ಲಿ ಹೇಳಿತು. ಬೇಲಿಯೇ ಎದ್ದು ಹೊಲ ಮೇಯೋದು ಅಂದರೆ ಇದೇ. ಬೇಲಿಗೆ ದುಡ್ಡು ಹಾಕಿದವರು ಮಾತ್ರ ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ ಕೂತಿದ್ದಾರೆ.

ಹೋಗಲಿ, ದುಡ್ಡಾದರೂ ಉಳೀತಾ? ಬ್ರಿಟನ್ನಿನ ಕಥೆ ಕೇಳಿ. ಆಶ್ರಯ ಕೇಳಿ ಬಂದವರನ್ನು ರುವಾಂಡಾಕ್ಕೆ ಕಳಿಸ್ತೀವಿ ಅಂತ 2022ರಲ್ಲಿ ಅಲ್ಲಿನ ಸರ್ಕಾರ ಘೋಷಿಸಿತು. ರುವಾಂಡಾ ಸುರಕ್ಷಿತ ಅಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರಲ್ಲಿ ಬಂದ ಹೊಸ ಸರ್ಕಾರ ಯೋಜನೆಯನ್ನೇ ಕೈಬಿಟ್ಟು, ಖರ್ಚಾಗಿದ್ದು 70 ಕೋಟಿ ಪೌಂಡ್ ಅಂತ ಸಂಸತ್ತಿಗೆ ತಿಳಿಸಿತು. ಹೋದವರು ಎಷ್ಟು ಜನ? ನಾಲ್ಕು. ಅದೂ ತಾವಾಗೇ ಒಪ್ಪಿಕೊಂಡು ಹೋದವರು.

"ಹಾಗಾದರೆ ಎಲ್ಲರಿಗೂ ಬಾಗಿಲು ತೆರೆದಿಡಬೇಕಾ?" ಅಂತ ಕೇಳ್ತೀರಿ. ನಾನು ಹಾಗನ್ನೋದಿಲ್ಲ. ಯಾರು ಬರ್ತಿದ್ದಾರೆ ಅಂತ ನೋಡುವ ಹಕ್ಕು ಪ್ರತಿ ದೇಶಕ್ಕೂ ಇದೆ. ಆದರೆ ಆಶ್ರಯ ಕೇಳಿದವನ ಮಾತು ಕೇಳಿ, ವಿಚಾರಿಸಿ, ಆಮೇಲೆ ಹೌದು ಅಥವಾ ಇಲ್ಲ ಅನ್ನೋದು ಒಂದು ರೀತಿ. ಅವನು ಬಾಯಿ ತೆರೆಯೋದಕ್ಕೆ ಮುಂಚೆಯೇ ಮೂರನೆಯವನಿಂದ ಬಾಯಿಗೆ ಬಟ್ಟೆ ತುರುಕಿಸೋದು ಇನ್ನೊಂದು ರೀತಿ. 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳೇ ಈ ಎರಡನೆಯದಕ್ಕೆ ಬಜೆಟ್ ಇಡುತ್ತಿವೆ.

ಆ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದರೂ 1960ರ ದಶಕದ ಶುರುವಿನಲ್ಲಿ, ಇಂದಿನಷ್ಟು ದುಡ್ಡಿಲ್ಲದ ಕಾಲದಲ್ಲಿ, ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು ಮೂರು ಸಾವಿರ ಎಕರೆ ಕೊಟ್ಟು ಟಿಬೆಟಿನವರಿಗೆ ನೆಲೆ ಮಾಡಿಕೊಟ್ಟಿತು. ಅವರು ಕಾಡು ಕಡಿದು ಜೋಳ ಬೆಳೆದರು, ಶಾಲೆ ಕಟ್ಟಿದರು. ಎಲ್ಲ ನಿರಾಶ್ರಿತರನ್ನೂ ನಾವು ಹೀಗೇ ನಡೆಸಿಕೊಂಡಿದ್ದೇವೆ ಅಂತ ಬೀಗಬೇಕಿಲ್ಲ, ರೋಹಿಂಗ್ಯಾಗಳನ್ನು ಕೇಳಿದರೆ ಗೊತ್ತಾಗುತ್ತದೆ. ನಾನು ಹೇಳೋದಿಷ್ಟು: ಸರ್ಕಾರದ ಹಣ ಒಂದು ಊರನ್ನೂ ಕಟ್ಟಬಲ್ಲದು, ಬಂದೀಖಾನೆಯನ್ನೂ ಕಟ್ಟಬಲ್ಲದು. ಯುರೋಪು ಅದೇ ಹಣವನ್ನು ಅರ್ಜಿ ವಿಚಾರಿಸುವ ಅಧಿಕಾರಿಗಳಿಗೆ, ಕಾನೂನುಬದ್ಧ ದಾರಿಗಳಿಗೆ, ಬಂದವರು ಬದುಕು ಕಟ್ಟಿಕೊಳ್ಳುವುದಕ್ಕೆ ಖರ್ಚು ಮಾಡಲಿ. ಟರ್ಕಿ, ಲೆಬನಾನ್‌ಗಳಂತೆ ಲಕ್ಷಗಟ್ಟಲೆ ಜನರನ್ನು ಸಾಕುತ್ತಿರುವ ದೇಶಗಳಿಗೂ ಕೊಡಲಿ, ಕಾವಲಿನ ಷರತ್ತಿಲ್ಲದೆ. ಆಗ ಅದನ್ನು ನೆರವು ಅಂತ ಕರೆಯೋಕೆ ನನ್ನದೇನೂ ಅಡ್ಡಿಯಿಲ್ಲ.